ಅಲ್ಲೇ ಹೊಂಟೀವ್ರಿ

ಮೊನ್ನೆ ಕೆಲಸದ ಮೇಲೆ ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ಬಸ್ಸಿನಿಂದ ಇಳಿದು ನಾಲ್ಕು ಹೆಜ್ಜೆ ಹಾಕಿರಲಿಲ್ಲ, ರಸ್ತೆ ಬದಿಯಲ್ಲಿ ಮಿರ್ಚಿ ಕರಿಯುತ್ತಿದ್ದ ಹೆಂಗಸು ಕೈ ನಿಲ್ಲಿಸಿ ನನ್ನನ್ನೇ ದಿಟ್ಟಿಸಿದಳು. "ನೀ ಆಕಿ ಜೋಡಿ ಬಂದಾಕಿ ಅಲ್ಲೇನವಾ? ಆಕಿ ಎಲ್ಲಿ, ಬರಲಿಲ್ಲೇನ?" ಎಂದಳು. ಆ ಊರಿಗೆ ನಾನು ಅದಕ್ಕೆ ಮೊದಲು ಹೋಗಿದ್ದು ಒಂದೇ ಸಲ, ಅದೂ ಒಂದು ಹಗಲಿನ ಮಟ್ಟಿಗೆ. ನನ್ನ ಹೆಸರು ಅಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ, ನಾನು ಆಕೆಯ ಜೋಡಿ ಬಂದವಳು.

"ಇಲ್ರಿ, ಆಕಿ ಈಗ ಬಳ್ಳಾರಿ ಕಡೆ ಅದಾಳ್ರಿ" ಎಂದೆ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ. ಗಂಡನಿಗೆ ಅಲ್ಲಿ ಕೆಲಸ ಸಿಕ್ಕಿತು, ಮಗಳನ್ನು ಕರೆದುಕೊಂಡು ಹೋದಳು, ಫೋನು ನಂಬರು ಬದಲಾಯಿತು. ನಮ್ಮ ಹಾಸ್ಟೆಲ್ಲಿನ ವಾಟ್ಸಾಪ್ ಗುಂಪಿನಲ್ಲಿ ಆಕೆಯ ಹಳೆಯ ನಂಬರು ಇನ್ನೂ ಸುಮ್ಮನೆ ಕೂತಿದೆ. ಆಕೆಯಂಥವಳು ಸುಮ್ಮನೆ ಕೂತಿದ್ದನ್ನು ನಾವು ನೋಡಿದ್ದು ಅದೊಂದು ಕಡೆ ಮಾತ್ರ.

ಹೆಸರು ಬರೆಯುವುದಿಲ್ಲ. ಬರೆದರೆ ಎಲ್ಲಿದ್ದರೂ ಹುಡುಕಿಕೊಂಡು ಬಂದು, "ನನ್ನ ಕೇಳಿ ಬರದೀಯೇನ ಲೇ?" ಎಂದು ಜಡೆ ಹಿಡಿದಾಳು. ಹಾಸ್ಟೆಲ್ಲಿನಲ್ಲಿ ನಾವೆಲ್ಲ ಆಕೆಯನ್ನು ಚಿಗವ್ವ ಎನ್ನುತ್ತಿದ್ದೆವು. ನಮ್ಮ ಕಡೆ ತಾಯಿಯ ತಂಗಿಯನ್ನು ಹಾಗೆ ಕರೆಯುತ್ತಾರೆ. ನಾವೆಲ್ಲ ಇಪ್ಪತ್ತೆರಡರ ಆಸುಪಾಸಿನವರು, ಆಕೆಗೆ ಮೂವತ್ತು ದಾಟಿತ್ತು. ಅಕ್ಕ ಎಂದರೆ ಕಡಿಮೆಯಾಗುತ್ತಿತ್ತು, ಅವ್ವ ಎಂದರೆ ಆಕೆಯೇ ಬಿಡುತ್ತಿರಲಿಲ್ಲ.

ಗದಗದ ಪಕ್ಕದ ನಾಗಾವಿಯ ವಿಶ್ವವಿದ್ಯಾಲಯಕ್ಕೆ ಎಂ.ಎ. ಸೇರಲು ಬಂದ ದಿನ ಆಕೆಯ ಒಂದು ಕೈಯಲ್ಲಿ ಟ್ರಂಕು, ಇನ್ನೊಂದು ಕೈಯಲ್ಲಿ ರೊಟ್ಟಿಯ ಗಂಟು. ವಾರ್ಡನ್ ಮೇಡಂ ಕುರ್ಚಿ ತೋರಿಸಿ, "ಕುಂಡ್ರಿ, ಮಗಳು ಎಲ್ಲದಾಳ್ರಿ?" ಎಂದು ಕೇಳಿದರು. ಮಗಳನ್ನು ಬಿಡಲು ಬಂದ ತಾಯಿ ಎಂದು ತಿಳಿದಿದ್ದರು. ಚಿಗವ್ವ ಕುರ್ಚಿಯಲ್ಲಿ ಆರಾಮಾಗಿ ಕೂತು, "ಮಗಳು ಮುಂಡರಗ್ಯಾಗ ನಾಕನೇತ್ತಾ ಓದಾಕತ್ತಾಳ್ರಿ. ಇಲ್ಲಿ ಓದಾಕ ಬಂದಾಕಿ ನಾನ" ಎಂದಳು. ನಾನು ಆಗ ಅಲ್ಲೇ ಫಾರ್ಮು ತುಂಬುತ್ತ ನಿಂತಿದ್ದೆ. ಬೆಟಗೇರಿಯ ನಮ್ಮ ಮನೆಯಿಂದ ಹಾಸ್ಟೆಲ್ಲಿಗೆ ಬಸ್ಸಿನಲ್ಲಿ ಅರ್ಧ ತಾಸಿನ ದೂರ, ಆದರೂ ಮನೆ ಬಿಟ್ಟೆನೆಂದು ನನಗೆ ಒಳಗೊಳಗೇ ಅಳು. ಆಕೆಯ ಉತ್ತರ ಕೇಳಿ ಅಳು ಹೋಗಿ ನಗು ಬಂತು. ಅಂದು ಸಂಜೆಯ ಹೊತ್ತಿಗೆ ಆ ರೊಟ್ಟಿಯ ಗಂಟು ಬಿಚ್ಚಿ, ಗುರೆಳ್ಳು ಚಟ್ನಿ ಹಾಕಿಕೊಂಡು ಇಡೀ ಸಾಲಿನ ಹುಡುಗಿಯರು ತಿಂದು ಮುಗಿಸಿದ್ದೆವು.

ಮುಂಡರಗಿ ಆಕೆಯ ಗಂಡನ ಊರು. ಓದಲು ಹೋಗುತ್ತೇನೆಂದಾಗ ಅತ್ತೆ ಅಡ್ಡ ಬರುತ್ತಾಳೆಂದು ಎಲ್ಲರೂ ಎಣಿಸಿದ್ದರಂತೆ. ಆ ಮುದುಕಿ ಮಾತ್ರ, "ಹೋಗವಾ, ಕಲಿ. ಮೊಮ್ಮಗಳು ನನ್ನ ಕಡೆ ಇರ್ಲಿ. ನೀ ಮನ್ಯಾಗಿದ್ರ ನನಗೂ ದಿನಾ ಬೈಸಿಕೊಳ್ಳೂದು ತಪ್ಪಂಗಿಲ್ಲ" ಎಂದು ಕಳಿಸಿಕೊಟ್ಟಳಂತೆ. ಇದನ್ನು ಚಿಗವ್ವ ಅತ್ತೆಯ ದನಿಯಲ್ಲೇ ಹೇಳಿ ತೋರಿಸುತ್ತಿದ್ದಳು, ಕೊನೆಗೆ "ಖರೇನ ಹೇಳ್ಯಾಳ ಬಿಡ್ರಿ" ಎಂದು ಸೇರಿಸುತ್ತಿದ್ದಳು.

ಈ ನಾಡಿನ ಕನ್ನಡವೇ ತಿರುಳುಗನ್ನಡ ಎಂದು ನಮಗೆ ಚಿಕ್ಕಂದಿನಿಂದ ಪಾಠವಾಗಿತ್ತು. ಆ ತಿರುಳು ಏನೆಂದು ಗೊತ್ತಾಗಿದ್ದು ಚಿಗವ್ವ ಬೈಯುವಾಗ. ಆದರೆ ನಿಜವಾದ ಸಿಟ್ಟು ಬಂದರೆ ಆಕೆ ಬೈಯುತ್ತಿರಲಿಲ್ಲ, ಕೈಗೆ ಸಿಕ್ಕವರನ್ನು ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. ಎಣ್ಣೆ ಸುರಿದು, ಸಿಕ್ಕು ಬಿಡಿಸಿ, ಹುಬ್ಬು ಮೇಲೇರುವಷ್ಟು ಬಿಗಿಯಾಗಿ ಜಡೆ ಹೆಣೆಯುತ್ತಿದ್ದಳು. ನಮ್ಮ ಸಾಲಿನಲ್ಲಿ ಯಾರಾದರೂ ಅಂಥ ಜಡೆ ಹಾಕಿಕೊಂಡು ಕ್ಲಾಸಿಗೆ ಬಂದರೆ, ಚಿಗವ್ವಗೆ ಯಾರೋ ಏನೋ ಅಂದಿದ್ದಾರೆ ಎಂದು ಉಳಿದವರು ತಿಳಿದುಕೊಳ್ಳುತ್ತಿದ್ದೆವು. ಓದುವುದೂ ಹಾಗೆಯೇ, ಜೋರಾಗಿ. ಬೆಳಗ್ಗೆ ಮಾಳಿಗೆಯ ಮೇಲೆ ಅಡ್ಡಾಡುತ್ತ ಗ್ರಾಮ ಪಂಚಾಯ್ತಿಯ ಅಧಿಕಾರಗಳನ್ನು ಯಾರಿಗೋ ಜಗಳದಲ್ಲಿ ಉತ್ತರ ಕೊಡುವಂತೆ ಓದುತ್ತಿದ್ದಳು. ಕೆಳಗೆ ಹಲ್ಲುಜ್ಜುತ್ತಿದ್ದ ನಮಗೆ ಪುಸ್ತಕ ಮುಟ್ಟದೆಯೇ ಅರ್ಧ ಪಾಠ ಬಾಯಿಗೆ ಬರುತ್ತಿತ್ತು.

ಇಷ್ಟು ಮಾತಿನ ಆಕೆ ಲಕ್ಷ್ಮೇಶ್ವರದ ಸುದ್ದಿ ಬಂದರೆ ಮಾತ್ರ ಎದ್ದು ಹೋಗುತ್ತಿದ್ದಳು. ಕಾರಣ ನಮಗೆ ಗೊತ್ತಾಗಿದ್ದು ನಿಧಾನಕ್ಕೆ. ಆಕೆ ಹುಟ್ಟಿದ್ದು ಯಳವತ್ತಿಯಲ್ಲಿ. ಎತ್ತಿ ಆಡಿಸುವ ವಯಸ್ಸಿನಲ್ಲೇ ತಾಯಿ ತೀರಿಕೊಂಡಳು. ಅಕ್ಕ ಮದುವೆಯಾಗಿ ಲಕ್ಷ್ಮೇಶ್ವರಕ್ಕೆ ಹೋಗುವಾಗ ತಂಗಿಯನ್ನೂ ಕಂಕುಳಲ್ಲಿ ಎತ್ತಿಕೊಂಡು ಹೋದಳು. ಅಲ್ಲೇ ಬೆಳೆಸಿ, ಶಾಲೆಗೆ ಕಳಿಸಿ, ಮದುವೆ ಮಾಡಿದಳು. ಅಂಥ ಅಕ್ಕ ಹಾಸ್ಟೆಲ್ ಸೇರುವ ಸುದ್ದಿ ಕೇಳಿ ಕೆಂಡವಾದಳು. "ಹೆತ್ತ ಮಗಳನ್ನ ಬಿಟ್ಟು ಹೋಗಾಕಿ ನನ್ನ ಹೊಸ್ತಿಲಾ ತುಳೀಬ್ಯಾಡ" ಎಂದಳು. ತಂಗಿ ಸುಮ್ಮನಿರುವವಳೇ? "ತುಳಿಯಂಗಿಲ್ಲ. ನಿನ್ನ ಮನಿ ನೀರೂ ಮುಟ್ಟಂಗಿಲ್ಲ" ಎಂದು ಬಂದುಬಿಟ್ಟಳು.

ನಮ್ಮ ಕಡೆ ನೀರು ಬಿಡುವುದು ಸಣ್ಣ ಮಾತಲ್ಲ. ಬಾಯಿಗೆ ಬಂದಂತೆ ಜಗಳಾಡಿದವರು ಮರುದಿನ ಚಹಾಕ್ಕೆ ಬರುತ್ತಾರೆ, ನೀರು ಬಿಟ್ಟವರು ಮದುವೆಗೂ ಬರುವುದಿಲ್ಲ, ಮಣ್ಣಿಗೂ ಬರುವುದಿಲ್ಲ. ಚಿಗವ್ವ ಈ ಕತೆಯನ್ನು ತಾನು ಗೆದ್ದವಳಂತೆ ಹೇಳುತ್ತಿದ್ದಳು. ಆದರೆ ಪಂಚಮಿ ಹಬ್ಬಕ್ಕೆ ಹಾಸ್ಟೆಲ್ ಖಾಲಿಯಾಗಿ, ಎಲ್ಲರೂ ತವರಿನ ಉಂಡಿ ತಿನ್ನಲು ಹೊರಟಾಗ ಆಕೆಗೆ ಹೋಗಲು ತವರೆಂಬುದು ಇರಲಿಲ್ಲ. ಇದ್ದ ಒಂದೇ ತವರು ಆ ಅಕ್ಕನ ಮನೆ. "ನನಗ ಅಸೈನ್‌ಮೆಂಟ್ ಐತಿ" ಎಂದು ಹಾಸ್ಟೆಲ್ಲಿನಲ್ಲೇ ಉಳಿದಳು. ಹೊರಡುವ ಮುಂಚೆ ನಮ್ಮೆಲ್ಲರ ತಲೆ ಬಾಚಿದಳು. ನನ್ನದನ್ನು ಎರಡು ಸಲ. ನನಗೆ ತುಂಬ ಕೆಡುಕೆನಿಸಿತ್ತು.

ಹೀಗಿರುವಾಗ ಒಂದು ಸೋಮವಾರಕ್ಕೆ ಬರಬೇಕಿದ್ದ ಅತಿಥಿಗಳು ಬರುವುದಿಲ್ಲವೆಂದು ಭಾನುವಾರವೇ ತಿಳಿಯಿತು, ಕಾರ್ಯಕ್ರಮ ರದ್ದಾಯಿತು, ಕ್ಲಾಸೂ ಇಲ್ಲ. ಬಯಸದೆ ಬಂದ ರಜೆ. ಹಿಂದಿನ ವಾರವಷ್ಟೇ ರಿಸಲ್ಟು ಬಂದಿತ್ತು. ನಾವು ಮೂವರೂ ಪಾಸಾದ ಹುರುಪಿನಲ್ಲಿದ್ದೆವು. ನಾನು, ಮುಂಡರಗಿ ತಾಲೂಕಿನ ಗಿರಿಜಾ, ಶಿರಹಟ್ಟಿಯ ನಸೀಮಾ. ಚಿಗವ್ವನನ್ನು ಕೇಳಿದರೆ, "ಆತು ಬಿಡ್ರಿ, ಅದನ್ನೇನ ಕೇಳ್ತೀರಿ" ಎಂದಿದ್ದಳು. ಆಕೆ ಪಾಸಾಗದೆ ಇನ್ಯಾರು ಆಗಬೇಕು ಎಂದು ನಾವೂ ಬಿಟ್ಟಿದ್ದೆವು. ಎಲ್ಲಿಗಾದರೂ ಹೋಗೋಣವೆಂದಾಯಿತು. ಹಂಪಿ ದೂರ, ಸಂಜೆಯೊಳಗೆ ಬರಲಾಗದು. ಕೈಯಳತೆಯಲ್ಲಿ ಅಷ್ಟು ಹಳೆಯ ಊರು, ಗುಡಿ, ಬಸದಿ, ದರ್ಗಾ ಎಲ್ಲ ಒಂದೇ ಕಡೆ ಇರುವ ಪುಣ್ಯಕ್ಷೇತ್ರ ಎಂದರೆ ಲಕ್ಷ್ಮೇಶ್ವರ. ನಸೀಮಾ ಬಾಯಿತಪ್ಪಿ ಅಂದೇಬಿಟ್ಟಳು.

ಚಿಗವ್ವ ಈ ಸಲ ಎದ್ದು ಹೋಗಲಿಲ್ಲ.

"ಊರು ಆಕಿ ಒಬ್ಬಾಕೀದೇನ? ಸೋಮೇಶ್ವರ ನನಗೂ ದೇವರ. ಹೋಗೂಣು ನಡೀರಿ" ಎಂದಳು. ಆಮೇಲೆ ಯುದ್ಧಕ್ಕೆ ಹೊರಟವರ ಹಾಗೆ ಯೋಜನೆ ಹಾಕಿದಳು. ಅಕ್ಕ ಪ್ರತಿ ಸೋಮವಾರ ಬೆಳಗ್ಗೆ ಸೋಮೇಶ್ವರ ಗುಡಿಗೆ ಬರುತ್ತಾಳೆ. ಆದ್ದರಿಂದ ಬೆಳಗ್ಗೆ ಆ ಕಡೆ ತಲೆ ಹಾಕಬಾರದು. ಬಸದಿ, ದರ್ಗಾ, ಪ್ಯಾಟಿ ನೋಡಿಕೊಂಡು ಮಧ್ಯಾಹ್ನ ಗುಡಿ. ಅಕ್ಕನ ಓಣಿಗೆ ಮಾತ್ರ ಕಾಲಿಡುವಂತಿಲ್ಲ. "ಹಾವೂ ಸಾಯಬೇಕು, ಕೋಲೂ ಮುರೀಬಾರ್ದು" ಎಂದಳು. ಹಾವು ಯಾವುದು, ಕೋಲು ಯಾವುದು ಎಂದು ಕೇಳುವ ಧೈರ್ಯ ನಮಗಾಗಲಿಲ್ಲ.

ಹೆಂಗಸರಿಗೆ ಬಸ್ಸು ಪುಕ್ಕಟೆಯಾಗಿದ್ದ ದಿನಗಳು. ಗದಗದಲ್ಲಿ ಬಸ್ಸು ಹತ್ತಿ ಕಿಟಕಿ ಹಿಡಿಯುವುದೇ ಒಂದು ಪರೀಕ್ಷೆ. ಕಂಡಕ್ಟರು ಗಿರಿಜಾಳ ಆಧಾರ್ ಕಾರ್ಡು ನೋಡಿ, ಆಕೆಯ ಮುಖ ನೋಡಿ, "ಇದರಾಗಿನ ಹುಡುಗಿ ಎಲ್ಲೈತಿ?" ಎಂದ. ಚಿಗವ್ವ ಹಿಂದಿನ ಸೀಟಿನಿಂದ, "ಅದ ಬೆಳದು ಹಿಂಗಾಗೇತ್ರಿ. ಹಾಸ್ಟೆಲ್ ಅನ್ನಾ ಉಂಡು" ಎಂದಳು. ಇಡೀ ಬಸ್ಸು ನಕ್ಕಿತು. ಶಿರಹಟ್ಟಿ ಬಂದಾಗ ನಸೀಮಾ ಸೀಟಿನಲ್ಲಿ ಬಗ್ಗಿ ಕೂತಳು. ಮನೆಯ ಕಡೆಯವರು ಕಂಡರೆ ಇಳಿಸಿ ಊಟಕ್ಕೆ ಕೂರಿಸುತ್ತಾರೆ, ಸಂಜೆಯವರೆಗೂ ಬಿಡುವುದಿಲ್ಲ ಎಂಬ ಭಯ. ನಮ್ಮ ಕಡೆ ನೆಂಟರ ಊರನ್ನು ನೆಂಟರಿಗೆ ಗೊತ್ತಾಗದಂತೆ ದಾಟುವುದು ಕಳ್ಳತನಕ್ಕಿಂತ ಕಷ್ಟದ ಕೆಲಸ. ಅದು ನಮಗೆ ಆಗಲೇ ಹೊಳೆಯಬೇಕಿತ್ತು.

ಲಕ್ಷ್ಮೇಶ್ವರದಲ್ಲಿ ಇಳಿದೊಡನೆ ನಾನು ಮೊದಲೇ ಹೇಳಿದ ಮಿರ್ಚಿಯ ಹೆಂಗಸು ಕೂಗಿದಳು: "ಯವ್ವಾ, ನೀ ಅಲ್ಲೇನ! ಎಷ್ಟ ದಿನಾ ಆಗಿತ್ತು! ಅಕ್ಕನ ಮನಿಗೆ ಬಂದೀಯೇನ?"

ಚಿಗವ್ವ ಸೆರಗು ಸರಿಮಾಡಿಕೊಂಡು ನಗುನಗುತ್ತ, "ಹೌದ್ರಿ, ಅಲ್ಲೇ ಹೊಂಟೀವ್ರಿ" ಎಂದಳು.

ನಾಲ್ಕು ಅಂಗಡಿ ದಾಟುವಷ್ಟರಲ್ಲಿ ಬಟ್ಟೆ ಅಂಗಡಿಯ ಯಜಮಾನರು ಗದ್ದಿಗೆಯಿಂದ ಬಗ್ಗಿ ನೋಡಿದರು. "ತಂಗಿ, ಆರಾಮೇನವಾ? ಅಕ್ಕನ ಮನಿಗೇನ?" "ಹೌದ್ರಿ ಕಾಕಾ, ಅಲ್ಲೇ ಹೊಂಟೀವ್ರಿ." ಹಿಟ್ಟಿನ ಗಿರಣಿಯಾಕೆ ಮುಖದ ಮೇಲಿನ ಹಿಟ್ಟು ಒರೆಸಿಕೊಂಡು ಹೊರಗೆ ಬಂದಳು. ಅಲ್ಲೂ ಅದೇ ಮಾತು. ಶಾಲೆಯಲ್ಲಿ ಕಲಿಸಿದ್ದ ಮಾಸ್ತರರು ಕೊಡೆ ಹಿಡಿದು ಎದುರಿಗೆ ಬಂದರು. ಅವರಿಗೂ ಅದೇ ಮಾತು, ಜೊತೆಗೆ ಒಂದು ನಮಸ್ಕಾರ. ಆ ಊರಲ್ಲಿ ಆಕೆಯನ್ನು ಎತ್ತಿ ಆಡಿಸದವರೇ ಇರಲಿಲ್ಲವೆಂದು ಕಾಣುತ್ತದೆ.

ನಸೀಮಾಗೆ ತಡೆಯಲಾಗಲಿಲ್ಲ. "ಚಿಗವ್ವಾ, ಹೋಗಂಗಿಲ್ಲ ಅಂತ ಹೇಳಿಬಿಡಬಾರ್ದೇನಬೇ? ಎಷ್ಟ ಸುಳ್ಳ ಹೇಳ್ತಿ?"

"ಬಜಾರದಾಗ ನಿಂತು ನಮ್ಮ ಅಕ್ಕನ ಮನಿಗೆ ಹೋಗಂ‌ಗಿಲ್ಲ ಅಂತ ಹೇಳಾಕ ಬರ್ತೈತೇನ ಲೇ? ಮಂದಿ ಆಕಿಗೆ ಏನ್ ಅಂದಾರು? ನಮ್ಮ ಮನಿ ಮಾತು ನಮ್ಮ ಮನ್ಯಾಗ."

ನೀರು ಬಿಟ್ಟವಳಿಗೆ ಅಕ್ಕನ ಮಾನದ ಚಿಂತೆ ಬಿಟ್ಟಿರಲಿಲ್ಲ.

ಬಸದಿಯಲ್ಲಿ ಬೆರಳಿನಷ್ಟು ಸಣ್ಣ ಸಣ್ಣ ಜಿನಮೂರ್ತಿಗಳನ್ನು ಒಂದೇ ಕಲ್ಲಿನಲ್ಲಿ ಸಾಲುಸಾಲಾಗಿ ಕೆತ್ತಿದ್ದನ್ನು ಕಂಡು ಗಿರಿಜಾ ಎಣಿಸಲು ಶುರುಮಾಡಿದಳು. ಸಾವಿರದ ಮೇಲಿವೆ ಎನ್ನುತ್ತಾರೆ. "ಎಣಸಬ್ಯಾಡ, ಅರ್ಧಕ್ಕ ತಪ್ಪತೈತಿ. ಸಣ್ಣಾಕಿದ್ದಾಗ ನಾನೂ ಎಣಸೇನಿ. ಅಕ್ಕ ಅಲ್ಲಿ ಕುಂತು ಶೇಂಗಾ ಸುಲೀತಿದ್ಲು. ತಪ್ಪಿದಾಗೊಮ್ಮೆ ಒಂದು ಶೇಂಗಾ ಕೊಟ್ಟು, ಮತ್ತ ಎಣಸು ಅಂತಿದ್ಲು" ಎಂದಳು ಚಿಗವ್ವ. ಕಲ್ಲಿನ ತಂಪಿಗೆ ಅಲ್ಲೇ ಸ್ವಲ್ಪ ಹೊತ್ತು ಕೂತೆವು. ಶಾಸನದ ಅಕ್ಷರಗಳ ಮೇಲೆ ನಾನು ಬೆರಳಾಡಿಸಿ ಓದಲು ನೋಡಿದೆ, ಒಂದು ಅಕ್ಷರ ಕೂಡ ಬಗೆಹರಿಯಲಿಲ್ಲ.

ದರ್ಗಾಕ್ಕೆ ಹೋದಾಗ ನಸೀಮಾಗಿಂತ ಮೊದಲು ಚಿಗವ್ವ ತಲೆಯ ಮೇಲೆ ಸೆರಗು ಹೊದ್ದಳು. ಚಿಕ್ಕಂದಿನಲ್ಲಿ ಮೂರು ವರ್ಷವಾದರೂ ಚಿಗವ್ವನಿಗೆ ಮಾತು ಬಂದಿರಲಿಲ್ಲವಂತೆ. ಅಕ್ಕ ಯಾರದೋ ಮಾತು ಕೇಳಿ ಕಂಕುಳಲ್ಲಿ ಎತ್ತಿಕೊಂಡು ಇಲ್ಲಿಗೆ ತಂದು, ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸಿ ಅದನ್ನು ನಾಲಿಗೆಗೆ ಹಚ್ಚುತ್ತಿದ್ದಳಂತೆ. "ಆಮ್ಯಾಲೆ ಬಂದ ಮಾತು ಇನ್ನೂ ನಿಂತಿಲ್ಲ ನೋಡ್ರಿ. ಸಕ್ರಿ ಸ್ವಲ್ಪ ಜಾಸ್ತಿ ಆತು ಅಂತ ಅಕ್ಕ ಈಗೂ ಅಂತಾಳ" ಎಂದು ನಕ್ಕಳು. ನಕ್ಕವಳು ತಟ್ಟನೆ, "ಅಂತಿದ್ಲು" ಎಂದು ತಿದ್ದಿಕೊಂಡಳು.

ಅಲ್ಲಿಂದ ಹೊರಬಂದ ಮೇಲೆ ನನಗೆ ಸ್ಪಷ್ಟವಾಯಿತು. ಬೆಳಗಿನಿಂದ ನಾವು ಅಕ್ಕನ ಕಣ್ಣು ತಪ್ಪಿಸಿ ತಿರುಗುತ್ತಿದ್ದೆವು, ಆದರೆ ಅಕ್ಕನಿಲ್ಲದ ಒಂದು ಜಾಗವನ್ನೂ ನೋಡಿರಲಿಲ್ಲ. ಬಳೆ ಅಂಗಡಿಯ ಮುಂದೆ ಅಕ್ಕ ಕೊಡಿಸಿದ ಮೊದಲ ಹಸಿರು ಬಳೆ, ಶಾಲೆಯ ಮುಂದೆ ಅಕ್ಕ ತಂದು ಕೊಡುತ್ತಿದ್ದ ಬುತ್ತಿ. ಆಣೆ ಹಾಕಿ ಬಂದವಳ ಬಾಯಲ್ಲಿ ಬೆಳಗಿನಿಂದ ಅಕ್ಕನದೇ ಜಪ. ನೀನು ಹೋಗಿಬಿಡಬಾರದೇ ಎಂದು ಕೇಳಬೇಕೆನಿಸಿತು. ಜಡೆಯ ಭಯಕ್ಕೆ ಕೇಳಲಿಲ್ಲ.

ಮಧ್ಯಾಹ್ನದ ಬಿಸಿಲು ನೆತ್ತಿಗೇರಿದಾಗ ಸೋಮೇಶ್ವರ ಗುಡಿಗೆ ಬಂದೆವು. ಕೋಟೆಯಂತೆ ಎತ್ತರದ ಗೋಡೆ, ದಪ್ಪ ಬಾಗಿಲು. ಒಳಗೆ ನಂದಿಯ ಮೇಲೆ ಶಿವ ಪಾರ್ವತಿ ಇಬ್ಬರೂ ಜೋಡಿಯಾಗಿ ಕೂತಿದ್ದಾರೆ, ಅಂಥ ಮೂರ್ತಿ ಬೇರೆಲ್ಲೂ ಕಾಣಲು ಸಿಗುವುದಿಲ್ಲ ಎಂದು ಚಿಗವ್ವ ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದಳು. ಬಾಗಿಲು ದಾಟಿ ಅಂಗಳಕ್ಕೆ ಕಾಲಿಟ್ಟವಳು ಗಕ್ಕನೆ ನಿಂತಳು.

ನೆರಳಿದ್ದ ಕಟ್ಟೆಯ ಮೇಲೆ ಇಳಕಲ್ ಸೀರೆಯ ಹೆಂಗಸೊಬ್ಬಳು ಕೂತಿದ್ದಳು. ಪಕ್ಕದಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ, ಒಂದು ತಾಮ್ರದ ಕೊಡ. ಚಿಗವ್ವನದೇ ಮೂಗು, ಚಿಗವ್ವನದೇ ಗದ್ದ. ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಬರ್ರೆವಾ. ಮುಂಜಾನಿಂದ ಬಿಸಲಾಗ ತಿರಗೀರಿ. ಕುಂಡ್ರಿ, ಉಣ್ಣೀರಂತ" ಎಂದಳು ಆಕೆ. ಮಾತು ನಮಗೆ. ತಂಗಿಯ ಕಡೆ ನೋಡಲೇ ಇಲ್ಲ. ತಂಗಿ ಗುಡಿಯ ಶಿಖರವನ್ನು ಹೊಸದಾಗಿ ಕಂಡವಳಂತೆ ನೋಡುತ್ತಿದ್ದಳು.

ಗಿರಿಜಾಳಿಗೆ ಹೊಟ್ಟೆ ಹಸಿದರೆ ಬುದ್ಧಿ ನಿಲ್ಲುವುದಿಲ್ಲ. "ದೊಡ್ಡವ್ವಾ, ನಮ್ಮ ಚಿಗವ್ವ ಉಂಡ್ರ ನಾವೂ ಉಣ್ತೀವಿ" ಎಂದುಬಿಟ್ಟಳು. ದೊಡ್ಡವ್ವ ಎಂದರೆ ತಾಯಿಯ ಅಕ್ಕ. ಲೆಕ್ಕ ಸರಿಯೇ ಇತ್ತು. ಆ ಹೆಂಗಸಿನ ಮುಖ ಸ್ವಲ್ಪ ಸಡಿಲಾಯಿತು.

"ನಿಮ್ಮ ದೊಡ್ಡವ್ವಗ ಹೇಳ್ರಿ," ಚಿಗವ್ವ ಶಿಖರಕ್ಕೆ ಹೇಳಿದಳು, "ನಾವು ಗುಡಿ ನೋಡಾಕ ಬಂದೀವಿ, ಉಣ್ಣಾಕಲ್ಲ."

"ನಿಮ್ಮ ಚಿಗವ್ವಗ ಹೇಳ್ರಿ, ಗುಡಿ ಎಲ್ಲೂ ಓಡಿ ಹೋಗಂಗಿಲ್ಲ. ರೊಟ್ಟಿ ಆರಾಕತ್ತಾವು."

"ನಾ ಬಂದದ್ದು ಆಕಿಗೆ ಹೆಂಗ ಗೊತ್ತಾತು ಅಂತ ಕೇಳ್ರಿ."

"ಗೊತ್ತಾಗದ ಏನು? ಮುಂಜಾನೆ ಪೂಜಾಕ ಬಂದ್ರ ಹೂವಿನಾಕಿ ಹೇಳಿದ್ಲು, ಮಿರ್ಚಿಯಾಕಿ ಫೋನ್ ಮಾಡಿದ್ಲಂತ. ದಾರ್ಯಾಗ ಬಟ್ಟಿ ಅಂಗಡಿ ಕಾಕಾ. ಆಮ್ಯಾಲೆ ಗಿರಣಿಯಾಕಿ. ಎಲ್ಲಾರದೂ ಒಂದ ಮಾತು, ನಿಮ್ಮ ತಂಗಿ ನಿಮ್ಮ ಮನಿಗೇ ಹೊಂಟಾಳ ಅಂತ. ನಾ ಏನ್ ಅನ್ನಲಿ? ಬಜಾರದಾಗ ನಿಂತು, ಆಕಿ ಬರಂಗಿಲ್ರಿ ಅನ್ನಲೇನ? ಹೌದ್ರಿ, ದಾರಿ ಕಾಯಾಕತ್ತೇನಿ ಅಂದೆ. ಅಂದ ಮ್ಯಾಲ ಅಡಗಿ ಮಾಡಬೇಕಲ್ಲ. ಮುಂಜಾನೆ ನನ್ನ ತಪ್ಪಿಸಿ ಮಧ್ಯಾಹ್ನ ಗುಡಿಗೆ ಬರ್ತಾಳ ಅಂತ ತಿಳಿಯಂಗಿಲ್ಲೇನ ನನಗ? ಬೆಳಸಿದಾಕಿ ನಾನ."

ಇಬ್ಬರೂ ಒಂದೇ ಊರಲ್ಲಿ ಒಂದೇ ಸುಳ್ಳು ಹೇಳಿದ್ದರು. ನಸೀಮಾ ದುಪಟ್ಟದಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

"ನೀರು ಎಲ್ಲೀದು ಅಂತ ಕೇಳ್ರಿ" ಎಂದಳು ಚಿಗವ್ವ. ದನಿ ಮೊದಲಿನಷ್ಟು ಗಟ್ಟಿಯಿರಲಿಲ್ಲ.

"ಗುಡಿ ನಳದ ನೀರು. ಮುನಸಿಪಾಲ್ಟಿದು. ನನ್ನ ಮನೀದಲ್ಲ ಅಂತ ಹೇಳ್ರಿ."

ಅಷ್ಟರಲ್ಲಿ ಬುಟ್ಟಿಯ ಬಟ್ಟೆ ಸರಿದಿತ್ತು. ಬಿಳಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕೆಂಪು ಖಾರ, ಗಟ್ಟಿ ಮೊಸರು, ಶೇಂಗಾದ ಹೋಳಿಗೆ. ಇನ್ನೇನು ಚಿಗವ್ವ ಕೂರಬೇಕು, ಗಿರಿಜಾ ಬಾಯಿ ಬಿಟ್ಟಳು: "ಅಲ್ಲ ಚಿಗವ್ವಾ, ನೀರೇನೋ ನಳದ್ದು. ರೊಟ್ಟಿ ಹಿಟ್ಟು ನಾದಾಕ ಮನಿ ನೀರ ಹಾಕಿರತಾರಲ್ಲ?"

ನಾನೂ ನಸೀಮಾಳೂ ಒಟ್ಟಿಗೇ ಆಕೆಯ ಕಾಲು ತುಳಿದೆವು. ತಡವಾಗಿತ್ತು. ಬಗ್ಗಿದ್ದ ಚಿಗವ್ವನ ಬೆನ್ನು ಮತ್ತೆ ನೆಟ್ಟಗಾಯಿತು.

ದೊಡ್ಡವ್ವ ನಕ್ಕುಬಿಟ್ಟಳು. "ಜಾಣಿ ಅದಾಳ ಈ ಹುಡುಗಿ" ಎಂದು, ಮೊದಲ ಬಾರಿಗೆ ತಂಗಿಯ ಕಡೆ ತಿರುಗಿದಳು. "ಅದೂ ಇದ ನಳದ ನೀರು. ಪೂಜಾ ಮುಗಿಸಿ ಹೋಗೂ ಮುಂದ ಕೊಡಾ ತುಂಬಿಕೊಂಡು ಹೋಗೇನಿ. ಸಾಲಲಿಲ್ಲ, ಮತ್ತ ಬಂದೇನಿ. ಹಿಟ್ಟು ನಾದಿದ್ದು ಇದ್ರಾಗ, ಬದನೀಕಾಯಿ ಬೇಸಿದ್ದು ಇದ್ರಾಗ. ನೀ ಮುಟ್ಟಂಗಿಲ್ಲ ಅಂದಿ ಅಂದ್ರ ಮುಟ್ಟಂಗಿಲ್ಲ ಅಂತ ನನಗ ಗೊತ್ತಿಲ್ಲೇನ? ನಿನ್ನ ಹಟಾ ನಂದ."

ಆ ಬಿಸಿಲಿನಲ್ಲಿ, ಆ ವಯಸ್ಸಿನಲ್ಲಿ, ಮನೆಯಲ್ಲಿ ನಳವಿದ್ದೂ ತಲೆಯ ಮೇಲೆ ಕೊಡ ಹೊತ್ತು ಎರಡು ಸಲ ಓಣಿ ದಾಟಿದ್ದಳು. ಚಿಗವ್ವ ಕಟ್ಟೆಯ ಮೇಲೆ ಕುಸಿದು ಕೂತು ಅತ್ತಳು. ಮುಚ್ಚಿಟ್ಟುಕೊಳ್ಳಲಿಲ್ಲ, ಸಣ್ಣ ಹುಡುಗಿಯ ಹಾಗೆ ಅತ್ತಳು. ನಮ್ಮ ಕಣ್ಣುಗಳೂ ಒದ್ದೆಯಾದವು. ಗಿರಿಜಾ ಒಬ್ಬಳು ಅಳುತ್ತಲೇ ಹೋಳಿಗೆ ತಿಂದಳು.

ಊಟ ನಡೆದಾಗ ದೊಡ್ಡವ್ವ ಒಳಗಿದ್ದದ್ದನ್ನು ಹೊರಗೆ ಹಾಕಿದಳು. "ನೀ ಓದಾಕ ಹ್ವಾದಿ ಅಂತ ನನಗ ಸಿಟ್ಟಿಲ್ಲ. ಕೈ ಹಿಡದು ಸಾಲಿಗೆ ಬಿಟ್ಟಾಕಿ ನಾನ ಅಲ್ಲೇನ? ಅರ್ಜಿ ಹಾಕಿದ್ದು ನಿಮ್ಮ ಅತ್ತೀಗೆ ಗೊತ್ತು, ಮುಂಡರಗಿ ಓಣಿಗೆಲ್ಲಾ ಗೊತ್ತು. ನನಗ ಹೇಳಿದವರು ಯಾರು? ಸಂತ್ಯಾಗ ಸಿಕ್ಕ ಯಳವತ್ತಿ ಮಂದಿ. ನನಗ ಗೊತ್ತೈತಿ ಅಂತ ಅವರ ಮುಂದ ಗೋಣು ಆಡಿಸಿ, ಮನಿಗೆ ಬಂದು ಅತ್ತೇನಿ. ಸಿಟ್ಟಿನಾಗ ಮಗಳ ಹೆಸರು ಹೇಳಿ ಬೈದೆ. ಇವತ್ತೂ ಹಂಗ ಆತು. ನೀ ಊರಿಗೆ ಬಂದೀ ಅಂತ ಮಿರ್ಚಿಯಾಕಿ ಹೇಳಬೇಕು ನನಗ. ನಿನ್ನ ಬಾಯಿಂದ ಒಂದು ಮಾತರ ನನಗ ಮೊದಲ ಬಂದೈತೇನ?"

ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎಂದು ನಮಗೆಲ್ಲ ಹೇಳುತ್ತಿದ್ದ ಚಿಗವ್ವ ಅವತ್ತು ಖಾರಕ್ಕೆ ಅದ್ದಿದ ರೊಟ್ಟಿಯ ಚೂರನ್ನು ತಟ್ಟೆಯಲ್ಲಿ ಇಟ್ಟಳು. ಆಮೇಲೆ ಮೆಲ್ಲಗೆ, "ಅಕ್ಕಾ, ಒಂದು ಮಾತು ಐತಿ. ಯಾರಿಗೂ ಹೇಳಿಲ್ಲ. ಇವರಿಗೂ ಹೇಳಿಲ್ಲ" ಎಂದಳು.

"ಏನ?"

"ನಾ ಒಂದು ಪೇಪರಿನಾಗ ನಪಾಸ್ ಆಗೇನಿ."

ನಮ್ಮ ಮೂವರ ಕೈಗಳೂ ತಟ್ಟೆಯಲ್ಲೇ ನಿಂತವು. ಮಾಳಿಗೆಯ ಮೇಲೆ ನಮಗೆಲ್ಲ ಪಾಠ ಬಾಯಿಪಾಠ ಮಾಡಿಸಿದ ಚಿಗವ್ವ! ಒಂದು ವಾರದಿಂದ ನಮ್ಮ ಪಾಸಿನ ಪೇಡೆ ತಿಂದು, ನಮ್ಮ ನಗೆಯಲ್ಲಿ ನಕ್ಕು, ಒಳಗೆ ಇದನ್ನು ಇಟ್ಟುಕೊಂಡು ಓಡಾಡಿದ್ದಳು. ಹೇಳಿ ಹೇಳಿ ಯಾರಿಗೆ ಹೇಳಿದಳು ನೋಡಿ. 'ನಾನು ಅವತ್ತೇ ಹೇಳಿರಲಿಲ್ಲವೇ' ಎನ್ನಲು ಆ ಅಕ್ಕನಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ.

"ಯಾವುದರಾಗ?" ಎಂದಳು ಅಕ್ಕ.

"ಸಂಖ್ಯಾಶಾಸ್ತ್ರ. ಅಂಕಿ ಸಂಖ್ಯೆದು."

"ನಿನ್ನ ಗಂಡಗ ಗೊತ್ತೈತೇನ?"

"ಇಲ್ಲ."

"ನಿಮ್ಮ ಅತ್ತೀಗೆ?"

"ಇಲ್ಲ."

"ಹಂಗಾರ ನನಗ ಮೊದಲ ಹೇಳಿದಿ?"

"ನಿನಗ ಮೊದಲ."

ಫಸ್ಟ್ ರ‍್ಯಾಂಕಿನ ಸುದ್ದಿ ಕೇಳಿದವರ ಮುಖ ಕೂಡ ಅಷ್ಟು ಅರಳಿದ್ದನ್ನು ನಾನು ಕಂಡಿಲ್ಲ. ದೊಡ್ಡವ್ವ ತಂಗಿಯ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದಳು. "ಮತ್ತ ಬರಿ. ಪರೀಕ್ಷಾ ಮುಂದ ನಾ ಬಂದು ಹಾಸ್ಟೆಲ್ಲಿನಾಗ ಕುಂಡ್ರತೇನಿ. ಹೆಂಗ ಪಾಸ್ ಆಗಂಗಿಲ್ಲ ನೋಡ್ತೇನಿ" ಎಂದಳು.

ಗುಡಿಯನ್ನು ಆಮೇಲೆ ಐವರೂ ಸೇರಿ ನೋಡಿದೆವು. ಶಿವ ಪಾರ್ವತಿಯರ ಬಗ್ಗೆ ಅಕ್ಕ ಒಂದು ಕತೆ ಹೇಳಿದರೆ ತಂಗಿ ಅದಕ್ಕೆ ಇನ್ನೊಂದು ಹೇಳಿದಳು, ಯಾವುದು ಖರೆ ಎಂದು ಇಬ್ಬರೂ ಮತ್ತೆ ವಾದಕ್ಕೆ ನಿಂತರು. ಸಂಜೆಯ ಬಸ್ಸಿಗೆ ನಾವು ಮೂವರೇ ಹತ್ತಿದೆವು. ಚಿಗವ್ವ ಮರುದಿನ ಮಧ್ಯಾಹ್ನ ಬಂದಳು, ಕೈಯಲ್ಲಿ ಉಂಡಿಯ ಡಬ್ಬಿ. ಅಕ್ಕನ ಮನೆಯಲ್ಲಿ ಬೆಳಗಿನ ಚಹಾಕ್ಕೆ ಯಾವ ನೀರು ಹಾಕಿದ್ದರೆಂದು ಯಾರೂ ಕೇಳಲಿಲ್ಲ. ಗಿರಿಜಾ ಕೇಳಲು ಹೊರಟಿದ್ದಳು, ನಾವು ಉಂಡಿಯಿಂದ ಆಕೆಯ ಬಾಯಿ ಮುಚ್ಚಿಸಿದೆವು.

ದೊಡ್ಡವ್ವ ಆಡಿದಂತೆ ಬಂದೇ ಬಂದಳು. ಪರೀಕ್ಷೆಗೆ ಮುಂಚೆ ಒಂದು ಬುಟ್ಟಿ ಹಿಡಿದು ಬಂದು, ವಾರ್ಡನ್ ಮೇಡಂರನ್ನು ಮಾತಿನಲ್ಲೇ ಒಪ್ಪಿಸಿ, ಹಗಲೆಲ್ಲ ಚಿಗವ್ವನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಳು. "ಓದೂದು ಬ್ಯಾಡ, ನನಗ ತಿಳಿಯೂ ಹಂಗ ಹೇಳು" ಎನ್ನುತ್ತಿದ್ದಳು. ಚಿಗವ್ವ ಸರಾಸರಿ ಎಂದರೇನೆಂದು ಹೇಳಬೇಕು, ಆಕೆ "ತಿಳೀಲಿಲ್ಲ, ಮತ್ತ ಹೇಳು" ಎನ್ನಬೇಕು. ಜಗಳ, ನಗೆ, ಮತ್ತೆ ಸರಾಸರಿ. ಅಕ್ಕನಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಗೋಡೆಯ ಈಚೆ ಇದ್ದ ನನಗೆ ಮಾತ್ರ ಅದು ಇವತ್ತಿಗೂ ಮರೆತಿಲ್ಲ.

ಆ ರಿಸಲ್ಟು ಬಂದ ದಿನ ನಾವು ಮೂವರೂ ಚಿಗವ್ವನ ಸುತ್ತ ನಿಂತಿದ್ದೆವು. ಆಕೆ ಫೋನು ನೋಡಿದಳು. ಮುಖದಲ್ಲಿ ಏನೂ ತೋರಲಿಲ್ಲ. "ಏನಾತು ಚಿಗವ್ವಾ? ಪಾಸೋ ನಪಾಸೋ?" ಎಂದು ನಾವು ಕೈ ಹಿಡಿದು ಜಗ್ಗಿದೆವು. ಆಕೆ ನಮ್ಮತ್ತ ಅಂಗೈ ತೋರಿಸಿ, "ತಡೀರಿ ಲೇ" ಎಂದು ಫೋನು ಕಿವಿಗಿಟ್ಟಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದಳು. ಅಕ್ಕ ಹಿತ್ತಲಲ್ಲಿದ್ದಳೋ, ಗುಡಿಯಲ್ಲಿದ್ದಳೋ. ನಾವು ಬೇಡಿಕೊಂಡೆವು, ಬೈದೆವು, ಗಿರಿಜಾ ಅಳುವುದೊಂದು ಬಾಕಿ. ಚಿಗವ್ವ ಒಂದು ಅಕ್ಷರ ಬಿಟ್ಟುಕೊಡಲಿಲ್ಲ. ಕೊನೆಗೆ ಆ ಕಡೆ ಫೋನು ಎತ್ತಿದರು. "ಅಕ್ಕಾ" ಎಂದವಳೇ ನಮಗೆ ಬೆನ್ನು ತಿರುಗಿಸಿ ಗೋಡೆಯ ಕಡೆ ಹೋಗಿ ಪಿಸುಗುಟ್ಟಿದಳು. ನಮಗೆ ಏನೂ ಕೇಳಿಸಲಿಲ್ಲ. ಮರುಕ್ಷಣ ಫೋನಿನೊಳಗಿಂದ "ಯವ್ವಾ, ಪಾಸಾದ್ಲು ನನ್ನ ತಂಗಿ!" ಎಂದು ದೊಡ್ಡವ್ವ ತನ್ನ ಓಣಿಗೆಲ್ಲ ಕೇಳುವಂತೆ ಕೂಗಿದ್ದು ಕೇಳಿತು. ಪಕ್ಕದಲ್ಲೇ ನಿಂತಿದ್ದ ನಮಗೆ ಸುದ್ದಿ ಲಕ್ಷ್ಮೇಶ್ವರಕ್ಕೆ ಹೋಗಿ ಬಂದು ಮುಟ್ಟಿತು.